ಬಣ್ಣ ಕಾಣದ ಕಣ್ಣೂ ಬಣ್ಣ ಅಳೆಯುವ ಯಂತ್ರವೂ

ಕಾಳುಮೆಣಸಿನ ಕೊಯ್ಲು ಸಮೀಪಿಸಿತೆಂದರೆ ನಮ್ಮ ಕಾಸರಗೋಡಿನ ಕಡೆಯ ತೋಟಗಳಲ್ಲಿ ಮಕ್ಕಳಿಗೂ ಒಂದು ಕೆಲಸವಿರುತ್ತದೆ. ಬಳ್ಳಿಯ ಬುಡದಲ್ಲಿ ನಿಂತು, ಹಸಿರು ಗೊಂಚಲಿನಲ್ಲಿ ಒಂದೆರಡು ಕಾಳುಗಳಾದರೂ ಕೆಂಪಾಗಿವೆಯೇ ಎಂದು ನೋಡಿ ಹೇಳಬೇಕು. ಬಾಲ್ಯದಲ್ಲಿ ನಮ್ಮನ್ನು ಈ ಕೆಲಸಕ್ಕೆ ನಿಲ್ಲಿಸಿದಾಗಲೆಲ್ಲ ನಾವು ‘ಇಲ್ಲ’ ಎಂದೇ ಹೇಳಿದೆವು. ತಂಗಿ ಬಂದು ಹತ್ತು ಮಾರು ದೂರದಿಂದಲೇ ‘ಇದೆ’ ಎಂದಳು. ಗಮನವಿಲ್ಲದ ಹುಡುಗನೆಂಬ ಬಿರುದು ಆಗಲೇ ನಮಗೆ ಸಂದಿತು. ಕೆಂಪು ಹಸಿರುಗಳ ಭೇದವು ನಮ್ಮ ಕಣ್ಣಿಗೆ ಸರಿಯಾಗಿ ತೋರುವುದಿಲ್ಲವೆಂಬುದು ತಿಳಿದದ್ದು ಬಹುಕಾಲದ ನಂತರ, ಚುಕ್ಕೆಗಳ ನಡುವೆ ಅಂಕೆಗಳನ್ನು ಅಡಗಿಸಿದ ಪುಸ್ತಕವೊಂದನ್ನು ವೈದ್ಯರು ನಮ್ಮ ಮುಂದೆ ಇಟ್ಟಾಗ. ಜಪಾನಿನ ಶಿನೊಬು ಇಶಿಹಾರ ಎಂಬ ನೇತ್ರವೈದ್ಯರು 1917ರಲ್ಲಿ ಹೊರತಂದ ಆ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಈ ಹಳೆಯ ಕಥೆಯನ್ನು ಈಗ ಹೇಳಲು ಕಾರಣವುಂಟು. ನಮ್ಮ ಸೋದರಳಿಯನಿಗೂ ಇದೇ ವರ್ಣಾಂಧತೆ ಇದೆ. ಆದರೂ ಅವನು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ, ಮುಖಪುಟಗಳನ್ನು ಅಣಿಗೊಳಿಸುವ ಕಸುಬನ್ನು ಆರಿಸಿಕೊಂಡಿದ್ದಾನೆ. ನಮ್ಮ ತಾಯಿಯವರಿಗೆ ಎಂಬತ್ತು ತುಂಬಿದಾಗ ಕುಟುಂಬದವರಿಗಾಗಿ ಒಂದು ಕಿರುಪುಸ್ತಿಕೆಯನ್ನು ಅಚ್ಚು ಹಾಕಿಸಿದೆವು. ಅದಕ್ಕೆ ಮುನ್ನ ಅಳಿಯನು ಪರದೆಯ ಬಣ್ಣಗಳನ್ನು ತನ್ನ ಕಣ್ಣಳತೆಯಲ್ಲೇ ತಿದ್ದಿದನು. ಪಕ್ಕದಲ್ಲಿ ಕುಳಿತಿದ್ದ ನಾವೂ ‘ಈಗ ಸರಿಯಾಯಿತು’ ಎಂದು ಮುದ್ರೆಯೊತ್ತಿದೆವು. ಮರುದಿನ ಅದೇ ಪರದೆಯ ಮುಂದೆ ಕುಳಿತ ತಂಗಿ, ಅಮ್ಮನ ಚಿತ್ರ ಹಸಿರು ಹಸಿರಾಗಿದೆಯೆಂದು ಭಾವಿಸಿ, ಅದರಲ್ಲಿನ ಹಸಿರನ್ನು ಇಳಿಸಿದಳು. ಅಚ್ಚಾಗಿ ಬಂದ ಪುಸ್ತಿಕೆಯಲ್ಲಿ ಅಮ್ಮನ ಮುಖ ಜ್ವರ ಬಂದವರ ಮುಖದಂತೆ ಕೆಂಪೇರಿತ್ತು. ‘ಮಾವ, ಈ ಕಸುಬು ನನಗೆ ಹೇಳಿದ್ದಲ್ಲ, ಬಿಟ್ಟುಬಿಡುತ್ತೇನೆ’ ಎಂದು ಹುಡುಗ ಮುಖ ಸಣ್ಣದು ಮಾಡಿಕೊಂಡನು.

ತಪ್ಪು ಎಲ್ಲಿಯದು? ಚಿತ್ರದ್ದಲ್ಲ, ತಂಗಿಯ ಕಣ್ಣಿನದೂ ಅಲ್ಲ. ಅಳತೆಯೇ ತಪ್ಪಿದ್ದ ಪರದೆಯ ಮುಂದೆ ಒಳ್ಳೆಯ ಕಣ್ಣೂ ಮೋಸಹೋಯಿತು. ಹಾಗಾದರೆ ಅಳತೆ ಸರಿಯಿದ್ದಲ್ಲಿ ಕುಂದುಳ್ಳ ಕಣ್ಣಿಗೂ ಕೆಲಸ ಸಾಗೀತೇ? ಸಾಗುತ್ತದೆಂಬುದೇ ನಾವು ಕಂಡುಕೊಂಡ ಸಂಗತಿ.

ಕಣ್ಣಿನ ಒಳಪರದೆಯಲ್ಲಿ ಬಣ್ಣವನ್ನರಿಯುವ ಶಂಕುಕೋಶಗಳು ಮೂರು ಬಗೆಯವು. ಅವುಗಳಲ್ಲಿ ಒಂದು ಬಗೆ ಇಲ್ಲದಿದ್ದರೆ ಅಥವಾ ಬದಲಾಗಿದ್ದರೆ ಕೆಲವು ಬಣ್ಣಗಳು ಒಂದರಲ್ಲೊಂದು ಬೆರೆತು ತೋರುತ್ತವೆ. ಪರಮಾಣುವಾದಕ್ಕೆ ಹೆಸರಾದ ಜಾನ್ ಡಾಲ್ಟನ್ ತನಗಿದ್ದ ಈ ಕುಂದನ್ನು ಕುರಿತು 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ಪ್ರಬಂಧ ಓದಿದನು. ತನ್ನ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕೆಂಬುದು ಅವನ ಊಹೆ. ಆತ 1844ರಲ್ಲಿ ತೀರಿಕೊಂಡ ಮೇಲೆ, ಅವನ ಇಚ್ಛೆಯಂತೆಯೇ ಕಣ್ಣನ್ನು ಪರೀಕ್ಷಿಸಿದಾಗ ಆ ಊಹೆ ಸುಳ್ಳಾಯಿತು. ಕಾದಿರಿಸಿದ್ದ ಆ ಕಣ್ಣಿನ ಅಂಶವನ್ನು 1995ರಲ್ಲಿ ವಿಜ್ಞಾನಿಗಳು ಶೋಧಿಸಿದರು. ಹಸಿರಿಗೆ ಹೆಚ್ಚಾಗಿ ಓಗೊಡುವ ಮಧ್ಯಮ ಬಗೆಯ ಶಂಕುಕೋಶಗಳ ಕೊರತೆಯೇ ಕಾರಣವೆಂದು ತಿಳಿಯಿತು.

ಬೂದು ಬಣ್ಣದಲ್ಲಿ ತುಸು ಹಸಿರು ಬೆರೆತರೂ ತುಸು ನಸುಗೆಂಪು ಬೆರೆತರೂ ನಮ್ಮಂಥವರಿಗೆ ಒಂದೇ. ಪರದೆಯನ್ನು ಕಣ್ಣಿನಿಂದಲೇ ತಿದ್ದುವ ಉಪಾಯವಾದರೋ ಬೂದು ಬಣ್ಣವನ್ನು ನಿಷ್ಕಲ್ಮಷವಾಗಿಸುವುದನ್ನೇ ಅವಲಂಬಿಸಿದೆ. ಆದುದರಿಂದ ಆ ದಾರಿ ನಮಗೆ ಮುಚ್ಚಿದಂತೆಯೇ. ಅಡಿಕೆಯ ವ್ಯಾಪಾರದಲ್ಲಿ ಕೈಯಂದಾಜನ್ನು ಯಾರೂ ಒಪ್ಪುವುದಿಲ್ಲ, ಸರಕಾರದ ಮೊಹರಿನ ತೂಕವನ್ನೇ ಕೇಳುತ್ತಾರಷ್ಟೆ. ಬಣ್ಣಕ್ಕೂ ಅಂತಹುದೊಂದು ತೂಕವುಂಟು. ಕಲರಿಮೀಟರ್ ಎಂಬ ಅಂಗೈಯಗಲದ ಬಣ್ಣಮಾಪಕವನ್ನು ಪರದೆಯ ಮೇಲೆ ತೂಗುಹಾಕಿದರೆ, ಕಂಪ್ಯೂಟರು ಕೆಂಪು, ಹಸಿರು, ನೀಲಿ, ಬೂದು ಪಟ್ಟಿಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತದೆ. ಮಾಪಕವು ಅವನ್ನು ಅಳೆಯುತ್ತದೆ. ಇರಬೇಕಾದುದಕ್ಕೂ ಇರುವುದಕ್ಕೂ ಎಷ್ಟು ಅಂತರವಿದೆಯೆಂದು ಲೆಕ್ಕ ಹಾಕಿ, ತಿದ್ದುಪಡಿಯನ್ನು ‘ಪ್ರೊಫೈಲ್’ ಎಂಬ ಕಡತದಲ್ಲಿ ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ.

ಕುತೂಹಲದ ವಿಷಯವೆಂದರೆ ಈ ಯಂತ್ರದ ಹಿಂದೆಯೂ ಮನುಷ್ಯರ ಕಣ್ಣುಗಳೇ ಇವೆ. ಇಂಗ್ಲೆಂಡಿನಲ್ಲಿ ರೈಟ್ ಎಂಬವರು 10 ಮಂದಿಯ, ಗಿಲ್ಡ್ ಎಂಬವರು 7 ಮಂದಿಯ ಕಣ್ಣುಗಳಿಂದ ಬಣ್ಣಗಳನ್ನು ಹೊಂದಿಸಿ ನೋಡಿದ್ದರು. ಆ 17 ಮಂದಿಯ ಸರಾಸರಿಯ ಆಧಾರದಿಂದಲೇ 1931ರಲ್ಲಿ ‘ಪ್ರಮಾಣ ವೀಕ್ಷಕ’ನೆಂಬ ಅಂತರರಾಷ್ಟ್ರೀಯ ಅಳತೆ ನಿಶ್ಚಯವಾಯಿತು. ನಮ್ಮ ಅಳಿಯನ ಮೇಜಿನ ಮೇಲೆ ಇಂದು ಆ ಹದಿನೇಳು ಮಂದಿಯ ಕಣ್ಣು ಕುಳಿತಿದೆಯೆಂದರೆ ಅತಿಶಯೋಕ್ತಿಯಾಗದು.

ಇದೇ ಕೊರತೆಯುಳ್ಳ ವಾಚಕರಿಗಾಗಿ ಕ್ರಮವನ್ನು ಹೇಳುತ್ತೇವೆ. ಪರದೆಯನ್ನು ಅರ್ಧ ಗಂಟೆ ಮೊದಲೇ ಚಾಲೂ ಮಾಡಿಡಬೇಕು. ಕಿಟಕಿಯ ಬಿಸಿಲು ಅದರ ಮೇಲೆ ಬೀಳಬಾರದು. ರಾತ್ರಿಯ ಹಳದಿ ಬೆಳಕು, ತಾನಾಗಿ ಏರಿಳಿಯುವ ಪ್ರಕಾಶ, ವರ್ಣಾಂಧರಿಗೆಂದೇ ಇರುವ ಬಣ್ಣದ ಸೋಸುಕ, ಈ ಮೂರನ್ನೂ ನಿಲ್ಲಿಸಬೇಕು. ಬಿಳುಪಿಗೆ 6500 ಕೆಲ್ವಿನ್, ನಡುವಣ ಛಾಯೆಗಳಿಗೆ ಗಾಮಾ 2.2, ಪ್ರಕಾಶಕ್ಕೆ ಚದರ ಮೀಟರಿಗೆ ಸುಮಾರು 120 ಕ್ಯಾಂಡೆಲಾ ಎಂದು ಗುರಿಯಿಟ್ಟರೆ ಸಾಮಾನ್ಯ ಕೆಲಸಕ್ಕೆ ಸಾಕು. ಯಂತ್ರವು ಮುಗಿಸಿದ ಮೇಲೆ ‘ನನಗೆ ಹೀಗೆ ಚೆಂದ’ ಎಂದು ಗುಂಡಿಗಳನ್ನು ಮತ್ತೆ ಮುಟ್ಟಲೇಬಾರದು. ತಿಂಗಳಿಗೊಮ್ಮೆ ಅಳತೆಯನ್ನು ಪುನಃ ನೋಡುವುದು ಒಳ್ಳೆಯದು.

ಇಷ್ಟರಿಂದ ಕಾಣದ ಬಣ್ಣ ಕಾಣುವುದಿಲ್ಲ, ನಿಜ. ಅಲ್ಲಿ ಅಂಕೆಗಳು ನೆರವಾಗುತ್ತವೆ. ಕೆಂಪು, ಹಸಿರು, ನೀಲಿ ಮೂರರ ಅಂಕೆಯೂ ಸಮವಿದ್ದರೆ ಅದು ಶುದ್ಧ ಬೂದು. ಮನುಷ್ಯರ ಮೈಬಣ್ಣದಲ್ಲಿ ಸಾಮಾನ್ಯವಾಗಿ ಕೆಂಪಿನ ಅಂಕೆ ದೊಡ್ಡದು, ನಂತರ ಹಸಿರು, ಕೊನೆಗೆ ನೀಲಿ. ಅಚ್ಚಿಗೆ ಕಳುಹಿಸುವ ಮುನ್ನ ಬಣ್ಣ ಬಲ್ಲ ಇನ್ನೊಬ್ಬರಿಗೆ ತೋರಿಸುವುದರಲ್ಲಿ ನಾಚಿಕೆಯೇನಿಲ್ಲ. ಕನ್ನಡಕ ಹಾಕಿಕೊಳ್ಳುವುದಕ್ಕೆ ನಾಚುವವರುಂಟೇ?

ಇನ್ನೊಂದು ಮಾತು ಉಳಿದಿದೆ. ಈ ಕುಂದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುವುದೆಂದು, ಆದುದರಿಂದಲೇ ಸೋದರಮಾವನಲ್ಲಿಯೂ ಅಳಿಯನಲ್ಲಿಯೂ ಒಂದೇ ಬಗೆಯಾಗಿ ಕಾಣಿಸುವುದೆಂದು ತಿಳಿದಾಗ ಅಮ್ಮ ‘ನನ್ನಿಂದಲೇ ಬಂತೇ ಮಕ್ಕಳೇ?’ ಎಂದು ಕಣ್ಣೀರು ತಂದುಕೊಂಡರು. ಅದು ಅವರಿಗೂ ಅವರ ತಂದೆಯಿಂದಲೋ ತಾಯಿಯಿಂದಲೋ ಬಂದದ್ದು. ಯಾರ ತಪ್ಪೂ ಅಲ್ಲವೆಂದು ಸಮಾಧಾನ ಹೇಳಿದೆವು.

ಅಳಿಯನು ಬಣ್ಣಮಾಪಕವನ್ನು ಕೊಂಡು, ಪರದೆಯನ್ನು ಸರಿಪಡಿಸಿ, ಅಂಕೆಗಳನ್ನು ನೋಡಿ ಪುಸ್ತಿಕೆಯನ್ನು ಎರಡನೆಯ ಸಲ ಅಚ್ಚು ಹಾಕಿಸಿದನು. ಪುಟ ತಿರುವಿದ ತಂಗಿ ‘ಅಣ್ಣ, ಇದು ನಮ್ಮ ಅಮ್ಮನ ಮುಖವೇ’ ಎಂದಳು. ನಮ್ಮ ಕಣ್ಣಿಗೆ ಮೊದಲಿನದಕ್ಕೂ ಇದಕ್ಕೂ ಭೇದವೇ ತೋರಲಿಲ್ಲ. ಆದರೆ ತಂಗಿಯ ಮಾತನ್ನು ಮೆಣಸಿನ ಬಳ್ಳಿಯ ಕಾಲದಿಂದಲೂ ನಾವು ನಂಬಿದವರು. ಹುಡುಗ ಕಸುಬು ಬಿಡಲಿಲ್ಲ.