ಜಠರದ ಹುಣ್ಣೂ ಜೇಷ್ಠಮಧುವೂ

ಮನೆಯಲ್ಲಿ ಯಾರಾದರೊಬ್ಬರು ‘ಹೊಟ್ಟೆಯಲ್ಲಿ ಉರಿ’ ಎಂದರೆ ಸಾಕು, ಅಜ್ಜಿ ತಣ್ಣನೆಯ ಹಾಲನ್ನು ತರುತ್ತಾರೆ. ನೆರೆಮನೆಯವರು ಜೇಷ್ಠಮಧುವಿನ ಗುಣಗಾನ ಮಾಡುತ್ತಾರೆ. ಕಚೇರಿಯ ಮಿತ್ರರು ಯಾವುದೋ ಗುಳಿಗೆಯ ಹೆಸರನ್ನು ಸೂಚಿಸುತ್ತಾರೆ. ವೈದ್ಯರ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಉರಿ ಶಮನವಾಯಿತೆಂದರೆ ಹುಣ್ಣೂ ಮಾಯಿತೆಂಬ ಭಾವನೆಯೇ ಈ ವಿಳಂಬಕ್ಕೆ ಮೂಲ. ಆದರೆ ಇವೆರಡೂ ಬೇರೆ ಬೇರೆ ಎಂಬುದನ್ನು ಈ ರೋಗದ ಚರಿತ್ರೆಯೇ ಸಾರುತ್ತದೆ.

ಜಠರದ ಒಳಗೋಡೆಯನ್ನು ತೀಕ್ಷ್ಣವಾದ ಆಮ್ಲದಿಂದ ಕಾಪಾಡಲು ಪ್ರಕೃತಿಯು ಲೋಳೆಯ ಹೊದಿಕೆಯನ್ನು ಒದಗಿಸಿದೆ. ಒಳಪೊರೆಯು ಕೆರಳಿ ಊದಿಕೊಂಡರೆ ಅದು ವೈದ್ಯರು ‘ಗ್ಯಾಸ್ಟ್ರೈಟಿಸ್’ ಎನ್ನುವ ಉರಿಯೂತ. ಗೋಡೆಯೇ ಕೊರೆದುಹೋದರೆ ಹುಣ್ಣು. ಚಿಂತೆ, ಖಾರ, ಹೆಚ್ಚಾದ ಆಮ್ಲ ಇವೇ ಇದಕ್ಕೆ ಕಾರಣವೆಂದು ವೈದ್ಯಲೋಕವು ಬಹುಕಾಲ ನಂಬಿತ್ತು. ಷಿಕಾಗೋ ನಗರದ ಡಾ. ಬರ್ಟ್ರಮ್ ಸಿಪ್ಪಿಯವರು 1915ರಲ್ಲಿ ಪ್ರಕಟಿಸಿದ ಪಥ್ಯದಲ್ಲಿ ಗಂಟೆಗೊಮ್ಮೆ ಹಾಲು, ಕೆನೆ ಕುಡಿಯಬೇಕಾಗಿತ್ತು. ಹಾಲು ಕ್ಷಣಕಾಲ ತಂಪೆರೆಯುವುದೇನೋ ನಿಜ. ಆದರೆ ಅನಂತರ ಅದೇ ಹಾಲು ಆಮ್ಲವನ್ನು ಮತ್ತಷ್ಟು ಸ್ರವಿಸುವಂತೆ ಮಾಡುತ್ತದೆ!

ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಜಠರದಲ್ಲಿ ವಾಸಿಸುವ ಸುರುಳಿಯಾಕಾರದ ಬ್ಯಾಕ್ಟೀರಿಯವೊಂದನ್ನು 1982ರಲ್ಲಿ ಬೆಳೆಸಿ ತೋರಿಸಿದರು. ಇತರರು ನಂಬದಿರಲು, ಮಾರ್ಷಲ್ ಅವರು 1984ರಲ್ಲಿ ಆ ಬ್ಯಾಕ್ಟೀರಿಯವನ್ನು ತಾವೇ ಕುಡಿದು ಉರಿಯೂತಕ್ಕೆ ಗುರಿಯಾದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ‘ಹೆಲಿಕೊಬ್ಯಾಕ್ಟರ್ ಪೈಲೋರಿ’ ಎಂಬ ಈ ಬ್ಯಾಕ್ಟೀರಿಯವೂ, ಕೀಲುನೋವು ತಲೆನೋವುಗಳಿಗೆಂದು ನುಂಗುವ ಆಸ್ಪಿರಿನ್ ಮೊದಲಾದ ಮಾತ್ರೆಗಳೂ ಹುಣ್ಣಿಗೆ ಮುಖ್ಯ ಕಾರಣಗಳು. ಬ್ಯಾಕ್ಟೀರಿಯವಿದ್ದರೆ ಆಮ್ಲ ತಗ್ಗಿಸುವ ಔಷಧದೊಡನೆ ಆಂಟಿಬಯೋಟಿಕ್‌ಗಳನ್ನು ಸಾಮಾನ್ಯವಾಗಿ 14 ದಿನ ಸೇವಿಸಬೇಕು; ಅದು ನಾಶವಾಯಿತೇ ಎಂದು ಮುಂದೆ ಪರೀಕ್ಷಿಸಿಕೊಳ್ಳಬೇಕು.

ಹಾಗಾದರೆ ಮನೆಮದ್ದುಗಳೆಲ್ಲ ವ್ಯರ್ಥವೇ? ಹಾಗೆಂದು ತಳ್ಳಿಹಾಕಲಾಗದು. ಆಯುರ್ವೇದವು ‘ಯಷ್ಟಿಮಧು’ ಎಂದು ಕರೆಯುವ, ಗ್ರಂಧಿಗೆ ಅಂಗಡಿಯ ಜೇಷ್ಠಮಧುವಿನಿಂದ ಹುಣ್ಣಿನ ರೋಗಿಗಳಿಗೆ ಉಪಶಮನವಾಗುವುದನ್ನು 1940ರ ದಶಕದಲ್ಲಿ ಹಾಲೆಂಡಿನ ವೈದ್ಯ ರೇವರ್ಸ್ ಗಮನಿಸಿದರು. ಆದರೆ ಕೆಲವರ ಮುಖ, ಕಾಲುಗಳು ಬಾತುಕೊಂಡವು. ಆ ಬೇರಿನಲ್ಲಿರುವ ಗ್ಲಿಸಿರೈಜಿನ್ ಎಂಬ ಸಿಹಿಯಾದ ವಸ್ತುವು ಉಪ್ಪುನೀರುಗಳನ್ನು ದೇಹದಲ್ಲಿ ತಡೆಹಿಡಿದು, ರಕ್ತದೊತ್ತಡವನ್ನು ಏರಿಸಿ, ಪೊಟ್ಯಾಸಿಯಮ್ಮನ್ನು ತಗ್ಗಿಸಬಲ್ಲುದು. ಆದ್ದರಿಂದ ರಕ್ತದೊತ್ತಡವುಳ್ಳವರೂ ಗರ್ಭಿಣಿಯರೂ ಹೃದ್ರೋಗಿಗಳೂ ಇದರಿಂದ ದೂರವಿರುವುದು ಲೇಸು.

ಸ್ಯಾನ್‌ಫ್ರಾನ್ಸಿಸ್ಕೋದ ಡಾ. ಗಾರ್ನೆಟ್ ಚೆನಿ 1949ರಲ್ಲಿ ಎಲೆಕೋಸಿನ ರಸವನ್ನು 13 ರೋಗಿಗಳಿಗೆ ಕೊಟ್ಟು, ಹುಣ್ಣು ಬೇಗ ಮಾಯಿತೆಂದು ವರದಿ ಮಾಡಿದರು. ಅಷ್ಟು ಚಿಕ್ಕ ಪ್ರಯೋಗವೊಂದನ್ನು ನಂಬಿ ಔಷಧವನ್ನು ಬಿಡುವುದು ವಿವೇಕವಲ್ಲ. ಮೊಸರಿನಂತಹ ಆಹಾರದಲ್ಲಿ ಬಳಸುವ ಕೆಲವು ಬಗೆಯ ಬ್ಯಾಕ್ಟೀರಿಯಗಳಾದರೋ ಆಂಟಿಬಯೋಟಿಕ್‌ಗಳಿಂದ ಉಂಟಾಗುವ ಭೇದಿಯನ್ನು ತಗ್ಗಿಸಬಲ್ಲವು. ಪ್ರಾಣಾಯಾಮ, ನಿದ್ರೆ, ಹೊತ್ತಿಗೆ ಸರಿಯಾದ ಊಟ ಇವು ರೋಗಿಯ ಮನಸ್ಸಿಗೆ ನೆಮ್ಮದಿಯನ್ನು ಕೊಡುತ್ತವೆ. ಆದರೆ ಇವಾವುವೂ ಪೈಲೋರಿಯನ್ನು ನಿರ್ಮೂಲ ಮಾಡಲಾರವು. ಖಾರವು ಹುಣ್ಣನ್ನು ಹುಟ್ಟಿಸದು. ತಿಂದರೆ ಉರಿಯಾಗುವವರು ಅದನ್ನು ಮಿತಗೊಳಿಸಿದರೆ ಸಾಕು. ಹೊಗೆಬತ್ತಿಯನ್ನು ಮಾತ್ರ ಬಿಡಲೇಬೇಕು. ಅದು ಹುಣ್ಣು ಮಾಯಲು ಬಿಡುವುದಿಲ್ಲ.

ಹೆಸರುಪಟ್ಟಿಯಿಲ್ಲದ ಚೂರ್ಣಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಕೀಲುನೋವಿಗೆಂದು ಮಾರುವ ಇಂತಹ ಕೆಲವು ಪುಡಿಗಳಲ್ಲಿ ಗುಟ್ಟಾಗಿ ಬೆರೆಸಿದ ನೋವುನಿವಾರಕ ಔಷಧಗಳು ಪತ್ತೆಯಾದದ್ದುಂಟು. ಆದುದರಿಂದ ಮನೆಯಲ್ಲಿ ಏನನ್ನು ಸೇವಿಸುತ್ತಿದ್ದರೂ ವೈದ್ಯರೆದುರು ಸಂಕೋಚವಿಲ್ಲದೆ ಹೇಳಿಬಿಡಬೇಕು.

ಮಲವು ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಹೊಟ್ಟೆಯಲ್ಲಿ ಥಟ್ಟನೆ ಸಹಿಸಲಾಗದ ನೋವು ಎದ್ದರೆ ಕಷಾಯ ಕಾಯಿಸುತ್ತ ಕೂರದೆ ರೋಗಿಯನ್ನು ತತ್‌ಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾರಣವಿಲ್ಲದೆ ತೂಕ ಇಳಿಯುವುದು, ಅನ್ನ ನುಂಗಲು ತೊಡಕಾಗುವುದು ಇವನ್ನೂ ಅಲಕ್ಷಿಸಲಾಗದು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿಯು ತನ್ನ ಹೊಟ್ಟೆಯುರಿಯನ್ನು ಒಂದು ಲೋಟ ಹಾಲಿನಲ್ಲಿ ಅಡಗಿಸಿ ಸುಮ್ಮನಾಗುವುದು ಅನೇಕ ಮನೆಗಳಲ್ಲಿ ಕಾಣುವ ಸಂಗತಿ. ಉರಿಯು ವಾರಗಟ್ಟಲೆ ಮರುಕಳಿಸುತ್ತಿದ್ದರೆ ಆಕೆಯನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು ಮನೆಮಂದಿಯ ಹೊಣೆ.