ಆಳಕ್ಕೆ ಬೇರಿಳಿಸುವ ಹುಲ್ಲು

ಹುಲ್ಲು ಎಂದರೆ ನಮ್ಮಲ್ಲಿ ಒಂದೋ ದನದ ಮೇವು, ಇಲ್ಲವೇ ಕಿತ್ತೆಸೆಯಬೇಕಾದ ಕಳೆ. ಆದರೆ ಅಮೆರಿಕದಲ್ಲಿ ಬಯಲಿನ ಒಂದು ಹುಲ್ಲಿಗೆ ಮನೆಯ ಮುಂದಿನ ಹೂದೋಟದಲ್ಲೇ ಮರ್ಯಾದೆಯ ಜಾಗ ಸಿಕ್ಕಿದೆ. ನೆಬ್ರಾಸ್ಕ ಮತ್ತು ಕಾನ್ಸಾಸ್ ರಾಜ್ಯಗಳಿಗೆ ಅದು ರಾಜ್ಯದ ಅಧಿಕೃತ ಹುಲ್ಲು. 2022ರಲ್ಲಿ ಅಲ್ಲಿನ ಬಹುವಾರ್ಷಿಕ ಸಸ್ಯಗಳ ಸಂಘವೊಂದು ಅದನ್ನೇ ‘ವರ್ಷದ ಸಸ್ಯ’ವೆಂದು ಆರಿಸಿತು. ಅದರ ಹೆಸರು ‘ಲಿಟಲ್ ಬ್ಲೂಸ್ಟೆಮ್’. ಚಿಕ್ಕ ನೀಲಿ ಕಾಂಡದ ಹುಲ್ಲು ಎನ್ನಬಹುದು. ಸಸ್ಯಶಾಸ್ತ್ರದಲ್ಲಿ ಸ್ಕೈಜಾಕಿರಿಯಮ್ ಸ್ಕೋಪೇರಿಯಮ್.

ಇದು ತೆಂಡೆ ತೆಂಡೆಯಾಗಿ, ಎರಡರಿಂದ ನಾಲ್ಕು ಅಡಿ ಎತ್ತರಕ್ಕೆ ಬೆಳೆಯುತ್ತದೆ. ವಸಂತದ ಕೊನೆಗೆ ನೀಲಿ ಛಾಯೆಯ ಹಸಿರು. ಶರತ್ಕಾಲ ಬಂದಂತೆ ತಾಮ್ರದ ಕೆಂಪು. ಬೀಜಗಳಿಗೆ ಅಂಟಿದ ಬಿಳಿಯ ನವಿರು ಕೂದಲು ಇಳಿಬಿಸಿಲಿಗೆ ಹೊಳೆಯುತ್ತದೆ. ಚಳಿಗಾಲದಲ್ಲೂ ಒಣಗಿದ ತೆಂಡೆ ನಿಂತೇ ಇರುತ್ತದೆ. ನಮ್ಮ ಜೋಳ, ಕಬ್ಬು, ಮಜ್ಜಿಗೆಹುಲ್ಲು, ಲಾವಂಚಗಳೆಲ್ಲ ಇದರ ದಾಯಾದಿಗಳೇ!

ನೆಲದ ಕೆಳಗಿನ ಗುಟ್ಟು

ಮಳೆ ಕೈಕೊಟ್ಟರೂ ಈ ಹುಲ್ಲು ಬದುಕುವುದು ಹೇಗೆ? ಮೊದಲ ಕಾರಣ ಬೇರು. ನೆಲದ ಮೇಲೆ ಮೂರಡಿ ಕಾಣುವ ಹುಲ್ಲಿನ ಬೇರು ಐದಡಿಗೂ ಕೆಳಗೆ ಇಳಿದಿರುತ್ತದೆ. ಮೇಲ್ಮಣ್ಣು ಒಣಗಿದರೂ ಆಳದ ತೇವ ಅದಕ್ಕೆ ಸಿಗುತ್ತದೆ. ಎರಡನೆಯದು, ಚಿಗುರುವ ಮೊಗ್ಗುಗಳು ತೆಂಡೆಯ ಬುಡದಲ್ಲಿ, ಮಣ್ಣಿಗೆ ಹತ್ತಿರ ಅಡಗಿರುತ್ತವೆ. ಕಾಡೆಮ್ಮೆ ಮೇಯ್ದರೂ, ಬೆಂಕಿ ಬಿದ್ದರೂ ಬುಡ ಉಳಿದರೆ ಸಾಕು, ಹುಲ್ಲು ಮರಳಿ ಚಿಗುರುತ್ತದೆ.

ಮೂರನೆಯ ಕಾರಣ ವಿದ್ಯಾರ್ಥಿಗಳು ಪಾಠದಲ್ಲಿ ಓದುವ ದ್ಯುತಿಸಂಶ್ಲೇಷಣೆಗೆ ಸೇರಿದ್ದು. ಎಲೆಗಳು ಪತ್ರರಂಧ್ರಗಳ ಮೂಲಕ ಇಂಗಾಲದ ಡೈ ಆಕ್ಸೈಡ್ ಒಳಗೆಳೆಯುತ್ತವೆ. ಅದೇ ದಾರಿಯಲ್ಲಿ ನೀರಾವಿ ಹೊರಹೋಗುತ್ತದೆ. ಈ ಹುಲ್ಲು ‘ಸಿ-4’ ಗುಂಪಿನದು. ಈ ಗುಂಪಿನ ಸಸ್ಯಗಳು ಡೈ ಆಕ್ಸೈಡನ್ನು ಎಲೆಯ ಒಳಕೋಶಗಳಲ್ಲಿ ಸಾಂದ್ರಗೊಳಿಸಿಕೊಳ್ಳುತ್ತವೆ. ಹೀಗಾಗಿ ರಂಧ್ರಗಳನ್ನು ಅರ್ಧ ಮುಚ್ಚಿಕೊಂಡರೂ ಆಹಾರ ತಯಾರಿ ಸಾಗುತ್ತದೆ, ನೀರೂ ಉಳಿಯುತ್ತದೆ. ರಾಗಿ, ಜೋಳಗಳೂ ಇದೇ ಗುಂಪಿನವು.

ನೇಗಿಲು ಬಂತು, ಧೂಳು ಎದ್ದಿತು

ಉತ್ತರ ಅಮೆರಿಕದ ನಡುಭಾಗದ ವಿಶಾಲ ಹುಲ್ಲುಗಾವಲನ್ನು ‘ಪ್ರೇರಿ’ ಎನ್ನುತ್ತಾರೆ. ಅದರಲ್ಲಿ ಎತ್ತರದ ಹುಲ್ಲು ಬೆಳೆಯುವ ಪ್ರದೇಶವೇ ಒಂದು ಕಾಲಕ್ಕೆ ಸುಮಾರು 17 ಕೋಟಿ ಎಕರೆ ಇತ್ತು. 1837ರಲ್ಲಿ ಜಾನ್ ಡೀರ್ ಉಕ್ಕಿನ ನೇಗಿಲು ತಯಾರಿಸಿದ. ಹೆಣೆದುಕೊಂಡ ಬೇರುಗಳ ಅಂಟುಮಣ್ಣನ್ನು ಸೀಳುವುದು ಸುಲಭವಾಯಿತು. ಇಂದು ಆ ಹುಲ್ಲುಗಾವಲಿನಲ್ಲಿ ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ.

ಪಶ್ಚಿಮದ ಒಣ ಬಯಲುಗಳಲ್ಲಿ ಉಳುಮೆಯ ಫಲ 1930ರ ದಶಕದ ಬರದಲ್ಲಿ ಕಂಡಿತು. ಹಿಡಿದಿಡುವ ಬೇರಿಲ್ಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿ ಹಗಲನ್ನೇ ಕತ್ತಲಾಗಿಸಿತು; ಆ ದಿನಕ್ಕೆ ‘ಕಪ್ಪು ಭಾನುವಾರ’ ಎಂಬ ಹೆಸರೇ ಉಳಿದಿದೆ. ಅದೇ ತಿಂಗಳಲ್ಲಿ ಅಮೆರಿಕ ಸರ್ಕಾರ ಮಣ್ಣು ಸಂರಕ್ಷಣೆಗೆಂದೇ ಪ್ರತ್ಯೇಕ ಇಲಾಖೆ ತೆರೆಯಿತು.

ಹಾಗೆಂದು ಈ ಹುಲ್ಲಿಗೆ ಸಾವೇ ಇಲ್ಲವೆಂದಲ್ಲ. ಗುಂಡಿ ತೋಡಿ ಹುಲ್ಲಿನ ಬೇರುಗಳನ್ನು ಅಳೆದ ನೆಬ್ರಾಸ್ಕ ವಿಶ್ವವಿದ್ಯಾಲಯದ ಜಾನ್ ವೀವರ್, 1934ರ ಬರದಲ್ಲಿ ಇದು ದಿಬ್ಬದ ನೆಲಗಳಲ್ಲಿ ಬಹಳಷ್ಟು ಸತ್ತದ್ದನ್ನು ಗುರುತಿಸಿದರು. ಇನ್ನೂ ಆಳಕ್ಕೆ ಬೇರಿಳಿಸುವ ‘ಬಿಗ್ ಬ್ಲೂಸ್ಟೆಮ್’ ಹೆಚ್ಚು ತಾಳಿಕೊಂಡಿತು. ತಾಳಿಕೆ ಬೇರಿನ ಆಳದಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಮುದ್ದು ಮಾಡಿದರೆ ಕೆಡುತ್ತದೆ

ಇದನ್ನು ಬೆಳೆಸುವವರು ಮೊದಲು ನೋಡಬೇಕಾದ್ದು ಬಿಸಿಲು. ದಿನಕ್ಕೆ ಆರು ಗಂಟೆಯಾದರೂ ಬೇಕು. ನೀರು ನಿಲ್ಲದ ನೆಲ, ಬಡಕಲು ಮಣ್ಣಾದರೂ ಸರಿ. ಬೀಜಕ್ಕೆ ಕೆಲವು ವಾರ ತೇವದೊಂದಿಗೆ ತಂಪು ಕೊಟ್ಟರೆ ಮೊಳಕೆ ಚೆನ್ನಾಗಿ ಬರುತ್ತದೆ. ಸಸಿಗಳ ನಡುವೆ ಒಂದೂವರೆಯಿಂದ ಎರಡಡಿ ಅಂತರವಿರಲಿ. ಮೊದಲ ವರ್ಷ ಬೇರು ಇಳಿಯುವ ತನಕ ತಪ್ಪದೆ ನೀರು ಬೇಕು. ಆಮೇಲೆ ಮಳೆಯೇ ಬಹುಮಟ್ಟಿಗೆ ಸಾಕು.

ಗೊಬ್ಬರ ಮಾತ್ರ ಬೇಡ. ಗೊಬ್ಬರ, ನೆರಳು, ಹೆಚ್ಚು ನೀರು ಸಿಕ್ಕ ಹುಲ್ಲು ಸೊಕ್ಕಿ ಬೆಳೆದು, ನಿಲ್ಲಲಾರದೆ ಅಡ್ಡ ಮಲಗುತ್ತದೆ. ಒಣಗಿದ ತೆಂಡೆಯನ್ನು ಚಳಿಗಾಲವೆಲ್ಲ ಬಿಟ್ಟು, ವಸಂತದ ಆರಂಭದಲ್ಲಿ ಬುಡದಿಂದ ಕೆಲವು ಅಂಗುಲ ಬಿಟ್ಟು ಕತ್ತರಿಸುತ್ತಾರೆ. ಬೆಚ್ಚನೆಯ ಕಾಲದ ಹುಲ್ಲಾದ್ದರಿಂದ ಚಿಗುರುವುದು ತಡ, ಸತ್ತಿತೆಂದು ಕಿತ್ತುಹಾಕಬಾರದು.

ಅಮೆರಿಕದಲ್ಲಿ ಎತ್ತರದ ಹುಲ್ಲು ಬೆಳೆಸಿದವರಿಗೆ ಹಲವು ಊರುಗಳು ಕಳೆ ನಿಯಮದಡಿ ದಂಡ ಹಾಕಿದ್ದುಂಟು. ಈಗ ಅಭಿಪ್ರಾಯ ಬದಲಾಗುತ್ತಿದೆ. ಮಿನೆಸೋಟ ರಾಜ್ಯ 2023ರಲ್ಲಿ ಇಂಥ ನೈಸರ್ಗಿಕ ತೋಟಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಇದರಲ್ಲಿ ಚಿಟ್ಟೆಗಳ ಪ್ರಶ್ನೆಯೂ ಇದೆ: 2014ರಲ್ಲಿ ಅಪಾಯದ ಪಟ್ಟಿಗೆ ಸೇರಿದ ‘ಡಕೋಟ ಸ್ಕಿಪ್ಪರ್’ ಚಿಟ್ಟೆಯ ಮರಿಹುಳುಗಳಿಗೆ ಈ ಹುಲ್ಲು ಆಹಾರ.

ನಮ್ಮ ಕೈತೋಟಕ್ಕೆ ಈ ಪರದೇಶಿ ಹುಲ್ಲನ್ನು ತರಿಸಬೇಕಾಗಿಲ್ಲ. ಇದರ ದಾಯಾದಿ ಲಾವಂಚ ನಮ್ಮಲ್ಲೇ ಇದೆ. ಗುಂಡ್ಲುಪೇಟೆ ಸೀಮೆಯ ರೈತರು ಬಹಳ ಹಿಂದಿನಿಂದ ಹೊಲದ ಅಂಚಿನಲ್ಲಿ ಅದನ್ನು ನೆಟ್ಟು ಮಣ್ಣು ಉಳಿಸಿಕೊಂಡವರು. ಈ ಮಳೆಗಾಲಕ್ಕೆ ಮಕ್ಕಳು ಹಿತ್ತಿಲ ಬದುವಿನಲ್ಲಿ ಒಂದು ತೆಂಡೆ ಲಾವಂಚ ನೆಡಲಿ. ಜೋರು ಮಳೆ ಬಂದಾಗ ತೆಂಡೆಯ ಮೇಲ್ಬದಿಯಲ್ಲಿ ಎಷ್ಟು ಮಣ್ಣು ನಿಂತಿದೆ, ಹುಲ್ಲಿಲ್ಲದ ಕಡೆ ಎಷ್ಟು ಕೊಚ್ಚಿಹೋಗಿದೆ ಎಂದು ಹೋಲಿಸಿ ನೋಡಲಿ.