ಅನ್ಯಧರ್ಮೀಯರೊಡನೆ ಸಂವಾದ: ಶ್ರೀರಂಗಪಟ್ಟಣದ ಪತ್ರಗಳ ನೆನಪಿನಲ್ಲಿ

ಮುಖ ಕಾಣದವರೊಡನೆ ಧರ್ಮದ ವಿಚಾರ ಮಾತನಾಡುವುದು ಇಂದು ಸುಲಭವಾಗಿದೆ. ಮುಸ್ಲಿಂ ಯುವಕನೊಬ್ಬ ಮೊಬೈಲಿನಲ್ಲಿ ಇಷ್ಟಲಿಂಗದ ಕುರಿತು ಪ್ರಶ್ನಿಸುತ್ತಾನೆ. ಶರಣ ಕುಟುಂಬದ ಹುಡುಗ ಕಾಬಾದ ಕುರಿತು ಕೇಳುತ್ತಾನೆ. ಕೇಳುವುದು ತಪ್ಪಲ್ಲ. ಆದರೆ ಹೀಗೆ ತೊಡಗಿದ ಮಾತು ನಾಲ್ಕನೆಯ ಉತ್ತರಕ್ಕೇ ಹೀಯಾಳಿಕೆಯಾಗುವುದನ್ನು ನಾವು ನೋಡುತ್ತಿದ್ದೇವೆ. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಘರ್ಷಣೆಯಾಗಿ ಅಂಗಡಿಗಳು ಸುಟ್ಟವು. ಅಂತಹ ದಿನಗಳನ್ನು ಕಂಡ ಜಿಲ್ಲೆಯಲ್ಲಿ ಒಂದೊಂದು ಮಾತಿಗೂ ತೂಕವಿದೆ.

ದೂರದಿಂದಲೇ ನಡೆದೂ ಕೆಡದ ಸಂವಾದವೊಂದು ಇದೇ ಸೀಮೆಯ ಚರಿತ್ರೆಯಲ್ಲಿದೆ. 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿತು. ಕಾರ್ಕಳಕ್ಕೆ ತೆರಳಿದ್ದ ಪೀಠಾಧಿಪತಿ ಸಚ್ಚಿದಾನಂದ ಭಾರತೀ ಸ್ವಾಮಿಗಳು ಟಿಪ್ಪು ಸುಲ್ತಾನನಿಗೆ ಪತ್ರ ಬರೆದರು. ಇಂಗ್ಲಿಷರೊಡನೆ ಯುದ್ಧದಲ್ಲಿದ್ದ ಸುಲ್ತಾನ ಕೃತ್ಯವನ್ನು ಖಂಡಿಸಿ ಉತ್ತರಿಸಿದ. ಶಾರದಾಮೂರ್ತಿಯ ಪುನಃಪ್ರತಿಷ್ಠೆಗೆ ಹಣ ಮತ್ತು ಸಾಮಗ್ರಿ ಒದಗಿಸುವಂತೆ ಬಿದನೂರಿನ ಅಧಿಕಾರಿಗೆ ಆಜ್ಞಾಪಿಸಿದ. ಈ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು.

ಟಿಪ್ಪುವಿನ ಆಳ್ವಿಕೆಯ ಕುರಿತು ಕೊಡಗಿನವರ ನೆನಪು ಬೇರೆ ಎಂಬುದನ್ನು ನಾವು ಬಲ್ಲೆವು. ಆ ತೀರ್ಪನ್ನು ಈ ಪತ್ರಗಳಿಂದ ಕೊಡಲು ಹೊರಟಿಲ್ಲ. ನಮ್ಮ ಗಮನವಿರುವುದು ಅವುಗಳ ರೀತಿಯ ಮೇಲೆ. ಸುಲ್ತಾನನು ಸ್ವಾಮಿಗಳನ್ನು ಅವರ ಶಿಷ್ಯರು ಕರೆಯುವಂತೆಯೇ ಜಗದ್ಗುರುವೆಂದು ಸಂಬೋಧಿಸಿದ. ಅವರಿಂದ ತನ್ನ ಧರ್ಮದ ಪ್ರಾರ್ಥನೆಯನ್ನು ಬಯಸಲಿಲ್ಲ. ಅವರ ಪದ್ಧತಿಯ ಚಂಡೀಜಪವನ್ನೇ ಬೇಡಿದ. ಸಿದ್ಧಾಂತದ ಸೋಲು ಗೆಲುವು ಅಲ್ಲಿ ವಿಷಯವೇ ಆಗಲಿಲ್ಲ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯೂ ಇಲ್ಲಿ ನೆನಪಾಗುತ್ತದೆ. ದೆಹಲಿಯ ಸುಲ್ತಾನನ ಮಗಳೆಂದು ಐತಿಹ್ಯ ಹೇಳುವ ಬೀಬಿ ನಾಚ್ಚಿಯಾರ್‌ಗೆ ಚೆಲುವನಾರಾಯಣನ ಸನ್ನಿಧಿಯಲ್ಲಿ ಸ್ಥಾನವಿದೆ.

ಹಾಗೆಂದು ಕಠಿಣ ಪ್ರಶ್ನೆಗಳನ್ನು ಕೇಳಲೇಬಾರದೆಂದಲ್ಲ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರಿಗೆ ಹಾಕಿದ ಪ್ರಶ್ನೆಗಳು ಮೃದುವಾಗಿರಲಿಲ್ಲವೆಂದು ಶೂನ್ಯಸಂಪಾದನೆಯನ್ನು ಓದಿದವರು ಬಲ್ಲರು. ಆದರೆ ಪ್ರಭುಗಳು ಉತ್ತರಕ್ಕಾಗಿ ಕಾದರು. ಉತ್ತರ ಬಂದಾಗ ತಲೆಬಾಗಿದರು.

"ನೀವೂ ಕಲ್ಲನ್ನೇ ಪೂಜಿಸುವವರಲ್ಲವೇ?" ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಇದನ್ನು ಲಿಂಗಾಯತರಿಗೂ ಕೇಳುತ್ತಾರೆ, ಮುಸಲ್ಮಾನರಿಗೂ ಕೇಳುತ್ತಾರೆ. ಇಷ್ಟಲಿಂಗವು ನಮಗೆ ಅರಿವಿನ ಕುರುಹು; ದೀಕ್ಷೆಯಲ್ಲಿ ಗುರು ಅಂಗೈಗೆ ಕೊಡುವ ಅದರಲ್ಲಿ ದೃಷ್ಟಿಯನ್ನು ನೆಟ್ಟು ನಿರಾಕಾರವನ್ನು ಅರಸುತ್ತೇವೆ. ಕಾಬಾ ಮುಸಲ್ಮಾನರಿಗೆ ಆರಾಧನೆಯ ವಸ್ತುವಲ್ಲ. ಎಲ್ಲಿ ನಿಂತರೂ ನಮಾಜಿನಲ್ಲಿ ಮುಖ ಮಾಡಬೇಕಾದ ದಿಕ್ಕು, ಕಿಬ್ಲಾ. ನಮ್ಮ ಭಾಗದವರು ಪಶ್ಚಿಮಕ್ಕೆ ತಿರುಗುವುದು ಅದಕ್ಕಾಗಿಯೇ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ತನ್ನ ಕುರುಹನ್ನು ಹೊರಗಿನವರು ಬರಿಯ ಕಲ್ಲೆಂದಾಗ ಆಗುವ ನೋವು ಇಬ್ಬರಿಗೂ ಗೊತ್ತು. ಆ ನೋವಿನಿಂದಲೇ ಮಾತನ್ನು ಆರಂಭಿಸಬಹುದು: "ನಮ್ಮನ್ನೂ ಹೀಗೆಯೇ ಕೇಳುತ್ತಾರೆ; ನೀವು ಏನೆಂದು ಉತ್ತರಿಸುತ್ತೀರಿ?"

ಅವರ ಧರ್ಮದ ವಿಚಾರವನ್ನು ಅವರಿಂದಲೇ ತಿಳಿಯಬೇಕು. ಯಾರೋ ಕಳುಹಿಸಿದ ವಿಡಿಯೊದಿಂದಲ್ಲ. ನಮ್ಮದನ್ನು ಕೇಳಿದಾಗ ಉತ್ತರ ತೋಚದಿದ್ದರೆ, ಹಿರಿಯರನ್ನು ಕೇಳಿ ನಾಳೆ ತಿಳಿಸುವುದಾಗಿ ಬರೆಯಬಹುದು. ಶ್ರೀರಂಗಪಟ್ಟಣದಿಂದ ಬರುವ ಉತ್ತರಕ್ಕೆ ಸ್ವಾಮಿಗಳೂ ದಿನಗಟ್ಟಲೆ ಕಾಯಬೇಕಾಗಿತ್ತು.